ನನ್ನ ತಲೆಬೇನೆಗೆ ದೇವರ ಹೆಸರಿಡಿ ಎಂದವರಿಗೆ

ಬಾಲಿಕಾ ಪಾಠಶಾಲೆಗಳ ತನಿಖೆಗೆ ನೇಮಕವಾಗಿರುವ ಮಾನ್ಯರೇ,

ತಾವು ನನ್ನನ್ನು ಕೆಲಸದಿಂದ ತೆಗೆದಿದ್ದೀರಿ. ಕಾರಣವನ್ನೂ ಬರೆಸಿದ್ದೀರಿ: ‘ಪಾಠದ ವೇಳೆಯಲ್ಲಿ ಮೈಮೇಲೆ ದೇವರು ಬಂದಂತೆ ಸೋಗು ಹಾಕಿ ಗ್ರಾಮಸ್ಥರನ್ನೂ ಮೇಲಧಿಕಾರಿಯನ್ನೂ ವಂಚಿಸಿರುವುದು.’ ಆ ಆಜ್ಞೆಯ ಮಸಿ ಆರುವ ಮೊದಲೇ ಶಾಲಾ ಕಮಿಟಿಯ ಶಂಕರಲಿಂಗಪ್ಪನವರ ಬಾಯಲ್ಲಿ ಇನ್ನೊಂದು ಮಾತನ್ನೂ ಹೇಳಿ ಕಳಿಸಿದ್ದೀರಿ. ಅಂದು ನನ್ನ ಮೈಮೇಲೆ ಬಂದದ್ದು ನಿಜವಾಗಿಯೂ ಮಾರಮ್ಮನೇ ಎಂದು ನಾನು ಬರೆದು ಸಹಿ ಹಾಕಿದರೆ ವಂಚನೆಯ ಮಾತು ಬಿದ್ದುಹೋಗುತ್ತದಂತೆ, ಕೆಲಸ ಮರಳಿ ಬರುತ್ತದಂತೆ. ಅಂದರೆ ಸುಳ್ಳು ಹೇಳಿದರೆ ನಾನು ಸತ್ಯವಂತೆ, ಸತ್ಯ ಹೇಳಿದರೆ ಮೋಸಗಾತಿ. ಇಲಾಖೆಯ ನಿಯಮಾವಳಿಯಲ್ಲಿ ಇದು ಎಷ್ಟನೆಯ ನಿಯಮವೆಂದು ತಿಳಿಸಿದ್ದರೆ ನೀತಿಪಾಠದಲ್ಲಿ ಮಕ್ಕಳಿಗೂ ಹೇಳಿಕೊಡುತ್ತಿದ್ದೆ. ಈಗ ನನಗೆ ಮಕ್ಕಳೂ ಇಲ್ಲ, ಪಾಠವೂ ಇಲ್ಲ.

ಮೊದಲು ತಮಗೆ ಅರ್ಜಿಯ ರೂಪದಲ್ಲಿಯೇ ಬರೆದೆ. ಉತ್ತರ ಬರಲಿಲ್ಲ. ಆದ್ದರಿಂದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ತಮ್ಮ ಹೆಸರು ಹಾಕುವುದಿಲ್ಲ, ನಮ್ಮೂರಿನ ಹೆಸರೂ ಬೇಡ. ಕೊಡಿಗೇನಹಳ್ಳಿಯ ಆಚೆಗೆ, ಹಿಂದೂಪುರದ ಬಸ್ಸು ಧೂಳೆಬ್ಬಿಸಿಕೊಂಡು ಹೋಗುವ ದಾರಿಯಲ್ಲಿ ಒಂದು ಹಳ್ಳಿ ಎಂದರೆ ತಮಗೆ ಗೊತ್ತಾಗುತ್ತದೆ. ಬರವಣಿಗೆ ಅಲ್ಲಲ್ಲಿ ನೆಗೆದರೆ ಮನ್ನಿಸಬೇಕು. ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ಅಂಗಳ ಸುತ್ತಿ ಬಂದಿದ್ದೇನೆ. ಒಂದೇ ಕಡೆ ಕೂತು ಬರೆಯುವುದು ನೆಮ್ಮದಿ ಇದ್ದವರ ಕೆಲಸ.

ನನಗಿರುವುದು ತಲೆಬೇನೆ. ತಲೆನೋವು ಯಾರಿಗಿಲ್ಲ, ಶುಂಠಿ ಅರೆದು ಹಚ್ಚಿಕೊಂಡು ಮಲಗಬಾರದೇ ಎಂದು ತಾವು ಕೇಳಬಹುದು. ಮಲಗಲು ಬಿಡುವ ನೋವಾಗಿದ್ದರೆ ಈ ಪತ್ರವೇ ಇರುತ್ತಿರಲಿಲ್ಲ. ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಓಡಿಹೋಗುತ್ತದೆ ಎನ್ನುತ್ತಾರೆ. ಅದು ಓಡಿಹೋದ ಬಾಗಿಲಿನಿಂದಲೇ ನನ್ನ ಬೇನೆ ಒಳಗೆ ಬರುತ್ತದೆ. ಯುಗಾದಿ ಕಳೆದು ಮೊದಲ ಮಳೆ ಬೀಳುವವರೆಗೂ ಇರುತ್ತದೆ. ದಿನಾ ಮಧ್ಯಾಹ್ನ ಊಟದ ಗಂಟೆ ಹೊಡೆದ ಮೇಲೆ ಹೇಳಿಟ್ಟ ಹಾಗೆ ಬರುತ್ತದೆ. ತಮ್ಮ ಇಲಾಖೆಯಲ್ಲಿ ಯಾರೂ ಇಷ್ಟು ಸರಿಯಾದ ವೇಳೆಗೆ ಬರುವುದನ್ನು ನಾನು ಕಂಡಿಲ್ಲ. ಬಂದರೆ ಬಲಗಡೆ ಮಾತ್ರ. ಬಲಗಣ್ಣಿನ ಹಿಂದೆ ಯಾರೋ ಕಾದ ಹಾರೆ ಇಟ್ಟು ಮೀಟುತ್ತಿರುವಂತೆ ಆಗುತ್ತದೆ. ಆ ಕಣ್ಣು ಕೆಂಡವಾಗಿ ನೀರು ಸುರಿಯುತ್ತದೆ, ರೆಪ್ಪೆ ಜೋಲುತ್ತದೆ, ಮೂಗಿನ ಆ ಹೊಳ್ಳೆ ಸೋರುತ್ತದೆ. ಎಡಗಣ್ಣು ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ನೋಡುತ್ತಿರುತ್ತದೆ. ಆಗ ಕೂರಲಾರೆ, ನಿಲ್ಲಲಾರೆ, ಯಾರಾದರೂ ಮೈ ಮುಟ್ಟಿದರೆ ತಡೆಯಲಾರೆ. ನಡೆಯಬೇಕು. ಬಿರುಸಾಗಿ, ಸುತ್ತು ಹಾಕಿಕೊಂಡು, ಒಮ್ಮೊಮ್ಮೆ ಕಲ್ಲಿಗೆ ಹಣೆ ಒತ್ತಿಕೊಂಡು, ಮತ್ತೆ ನಡೆಯಬೇಕು. ಒಂದೆರಡು ಗಳಿಗೆ ಕಳೆದ ಮೇಲೆ ಬಂದಷ್ಟೇ ಥಟ್ಟನೆ ಹೋಗಿಬಿಡುತ್ತದೆ. ಮುಖ ತೊಳೆದುಕೊಂಡರೆ ನಾನು ಮೊದಲಿನ ಹಾಗೆಯೇ. ಮಳೆ ಬಿದ್ದ ಮೇಲೆ ಮುಂದಿನ ಶಿವರಾತ್ರಿಯವರೆಗೆ ಅದರ ಸುಳಿವೂ ಇರುವುದಿಲ್ಲ. ಆ ತಿಂಗಳುಗಳಲ್ಲಿ ನನ್ನನ್ನು ಕಂಡವರು ನನ್ನ ಮಾತನ್ನು ನಂಬದಿದ್ದರೆ ಅವರನ್ನು ಬೈಯುವುದು ಹೇಗೆ?

ನಾನು ಕೈಕಟ್ಟಿ ಕೂತವಳಲ್ಲ. ಮದುವೆಯಾದ ವರ್ಷವೇ ಪ್ಲೇಗಿನಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ನಾನು. ನಮ್ಮ ತಂದೆ ಮರುಳಸಿದ್ದಯ್ಯನವರು ಊರವರ ಮಾತಿಗೆ ಕಿವಿಗೊಡದೆ ತುಮಕೂರಿಗೆ ಕಳಿಸಿ ಓದಿಸಿದರು. ಬೇನೆ ಶುರುವಾದಾಗ ಗಾಡಿ ಕಟ್ಟಿಸಿದವರೂ ಅವರೇ. ಕೊರಟಗೆರೆಯ ಪಂಡಿತರು ಇದು ಸೂರ್ಯನೊಡನೆ ಏರಿ ಇಳಿಯುವ ಸೂರ್ಯಾವರ್ತ ಎಂದು ತುಂಬೆಯ ರಸವನ್ನು ಮೂಗಿಗೆ ಬಿಟ್ಟರು. ಸೂರ್ಯ ಮುಳುಗಿದ ಮೇಲೂ ಒಂದೊಂದು ದಿನ ಬರುತ್ತದಲ್ಲ ಎಂದು ನಾನು ಕೇಳಿದಾಗ ಅವರಿಗೆ ಕಾಯಿಲೆಯ ಮೇಲಲ್ಲ, ನನ್ನ ಮೇಲೆ ಕೋಪ ಬಂತು. ಪಾವಗಡದ ಕಡೆಯ ನಮ್ಮ ಚಿಕ್ಕಮ್ಮ ಒಬ್ಬ ಮಂತ್ರಗಾರನ ಹತ್ತಿರ ಕರೆದುಕೊಂಡು ಹೋದಳು. ಅವನು ನನ್ನ ಮುಖವನ್ನು ತಿರುಗಿಸಿ ನೋಡಿ, “ಏಂ ಪರವಾಲೇದಮ್ಮಾ, ದಯ್ಯಂ ಚಿನ್ನದೇ, ರೆಂಡು ದೆಬ್ಬಲಕೇ ಪೋತುಂದಿ” ಎಂದು ಬೇವಿನ ಕಡ್ಡಿಗಳ ಬರಲು ಎತ್ತಿಕೊಂಡ. ದೆವ್ವ ಚಿಕ್ಕದು, ಎರಡೇ ಏಟಿಗೆ ಹೋಗುತ್ತದೆ ಎಂದು ಧೈರ್ಯ ಹೇಳಿದ್ದು. ಎರಡಕ್ಕೆ ಹೋಗಲಿಲ್ಲ, ಅವನ ರಟ್ಟೆ ಸೋತ ಮೇಲೂ ಹೋಗಲಿಲ್ಲ. ಆಮೇಲೆ ನಮ್ಮ ತಾಯಿ ಅಳುತ್ತಲೇ ಕಣ್ಣಿನ ಪಕ್ಕಕ್ಕೆ ಬರೆ ಹಾಕಿಸಿದರು. ಶಿರಾದ ಹಕೀಮ್ ಸಾಹೇಬರೊಬ್ಬರು ಮಾತ್ರ ನಾನು ಹೇಳಿದ್ದನ್ನೆಲ್ಲ ಕೊನೆಯವರೆಗೆ ಕೇಳಿಸಿಕೊಂಡರು. “ಬೇಟೀ, ಇದು ಶಕೀಕಾ, ಅರ್ಧ ತಲೆಬೇನೆ. ಇದಕ್ಕೆ ನನ್ನ ಹತ್ರ ಪಕ್ಕಾ ದವಾ ಇಲ್ಲ. ಎಣ್ಣೆ ಕೊಡ್ತೀನಿ, ದುವಾ ಮಾಡ್ತೀನಿ. ಎರಡೂ ಕಮ್ಮಿ ಬಿದ್ರೆ ಮಾಫ್ ಮಾಡ್ಬಿಡು” ಎಂದರು. ಎರಡೂ ಕಮ್ಮಿಯೇ ಬಿದ್ದವು. ಆದರೂ ಅವರ ಅಂಗಡಿಯ ಮೆಟ್ಟಿಲ ಮೇಲೆ ಕೂತು ನಾನು ಸಮಾಧಾನದಿಂದ ಅತ್ತೆ.

ಕೊನೆಗೆ ಬದುಕುವ ದಾರಿಯನ್ನು ನಾನೇ ಹುಡುಕಿಕೊಂಡೆ. ಗಂಟೆ ಹೊಡೆಯುವ ಮೊದಲು ಹಾಲು ಹಾಕದ ಕಾಫಿಯನ್ನು ಕುಡಿದರೆ ಒಂದೊಂದು ದಿನ ಬೇನೆಯ ಮೊನೆ ಮುರಿಯುತ್ತದೆ. ಹಗಲು ಕಣ್ಣು ಮುಚ್ಚಬಾರದು, ಮುಚ್ಚಿದರೆ ನಿದ್ದೆಯಿಂದಲೇ ಎಳೆದು ಎಬ್ಬಿಸುತ್ತದೆ. ಮಣ್ಣಿನ ಹರವಿಯ ನೀರಿನಲ್ಲಿ ಅದ್ದಿದ ಬಟ್ಟೆ ಕೈಯಳತೆಯಲ್ಲಿರಬೇಕು. ಪಾಠಕ್ಕೂ ಒಂದು ಏರ್ಪಾಟು ಮಾಡಿದೆ. ಆ ವಾರಗಳಲ್ಲಿ ಮಕ್ಕಳು ಬೆಳಗ್ಗೆ ಬೇಗ ಬರುತ್ತಿದ್ದರು, ಲೆಕ್ಕ ಓದು ಎಲ್ಲವೂ ಊಟದ ಮೊದಲೇ ಮುಗಿಯುತ್ತಿತ್ತು. ಬೇನೆಯ ಹೊತ್ತಿಗೆ ಕಾಪಿ ಬರೆಯಲೋ ಹೊಲಿಗೆ ಹಾಕಲೋ ಕೂರಿಸಿ, ಮನೆಮನೆಯಿಂದ ಮಕ್ಕಳನ್ನು ಕರೆತರುವ ಹನುಮಕ್ಕನನ್ನು ಬಾಗಿಲಲ್ಲಿ ಕೂರಿಸಿ ನಾನು ಹಿತ್ತಲಿಗೆ ಹೋಗುತ್ತಿದ್ದೆ. ಒಂದು ಪಾಠವೂ ಕೆಟ್ಟಿಲ್ಲ. ತಾವು ಪರೀಕ್ಷೆ ಮಾಡಿದಾಗ ನಮ್ಮ ಹುಡುಗಿಯರು ಭಿನ್ನರಾಶಿ ಬಿಡಿಸಿ ತೋರಿಸಿದ್ದನ್ನು ನೆನೆಸಿಕೊಳ್ಳಬೇಕು.

ಹಿತ್ತಲಿನಲ್ಲಿ ನೆರಳಿರುವುದು ಒಂದು ಬೇವಿನ ಮರದ ಕೆಳಗೆ ಮಾತ್ರ. ಹುಣಿಸೆ ಮರವಿದ್ದಿದ್ದರೆ ಹುಣಿಸೆ ಮರವನ್ನೇ ಸುತ್ತುತ್ತಿದ್ದೆ, ನನಗೆ ಬೇಕಾಗಿದ್ದದ್ದು ನೆರಳು. ಆದರೆ ಬೇವು ಯಾರ ಮರ, ಈ ಕಾಲ ಯಾರ ಕಾಲ ಎಂಬುದು ಈ ಸೀಮೆಯಲ್ಲಿ ಹುಟ್ಟಿದ ಯಾರಿಗೆ ಗೊತ್ತಿಲ್ಲ? ಬಿಸಿಲು ಏರಿ ಊರೂರಲ್ಲಿ ಸಿಡುಬು ಕಾಣಿಸುವ ದಿನಗಳು. ಸಿಡುಬನ್ನು ಸಿಡುಬು ಎನ್ನಲೂ ಹೆದರಿ ಅಮ್ಮ ಎನ್ನುವ ಜನ. ಅಂಥ ದಿನದಲ್ಲಿ ಹೆಂಗಸೊಬ್ಬಳು ಕೂದಲು ಬಿಚ್ಚಿ, ಒಂದು ಕಣ್ಣು ಕೆಂಪಗೆ ಮಾಡಿಕೊಂಡು, ಮುಟ್ಟಬೇಡಿ ಎಂದು ಕೂಗುತ್ತ ಬೇವಿನ ಮರ ಸುತ್ತಿದರೆ ಏನಾಗಬೇಕೋ ಅದೇ ಆಯಿತು. ಹನುಮಕ್ಕ ಬಾಗಿಲು ಬಿಟ್ಟು ಬಂದು ನೋಡಿ ಬೀದಿಗೆ ಓಡಿದಳು. “ಅಯ್ಯೋ ನಮ್ಮವ್ವ, ಬರ್ರಮ್ಮೋ! ಮೇಷ್ಟ್ರಮ್ಮನ ಮೈಮ್ಯಾಲೆ ಅಮ್ನೋರು ಬಂದ್ಬುಟ್ಟವ್ರೆ!” ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲ ಊರಲ್ಲೂ ಇರುತ್ತಾರೆ. ಮಾರನೆಯ ದಿನ ಮರಕ್ಕೆ ಅರಿಸಿನ ಕುಂಕುಮ ಬಿದ್ದಿತ್ತು, ಬುಡದಲ್ಲಿ ನಿಂಬೆಹಣ್ಣು ಇತ್ತು.

ಬೇನೆ ಇಳಿದ ಮೇಲೆ ಹನುಮಕ್ಕನನ್ನು ಕೂರಿಸಿಕೊಂಡು ಹೇಳಿದೆ. “ಇದು ತಲೆಬೇನೆ ಕಣೆ ಹನುಮಕ್ಕ. ಕೊರಳಲ್ಲಿ ಲಿಂಗ ಕಟ್ಟಿಕೊಂಡೋಳ ಮೈಮೇಲೆ ಮಾರಮ್ಮ ಯಾಕೆ ಬರ್ತಾಳೆ?”

“ಅಮ್ನೋರ್ಗೆ ಯಾವ ಜಾತಿ ಕಣವ್ವ? ಅವ್ಳಿಗೆ ಇಷ್ಟ ಬಂದ್ಕಡೀಕೆ ಬತ್ತಾಳೆ. ಬಂದಾಗ ನಿಂಗೆ ಗ್ಯಾನ ಇರಾಕಿಲ್ಲ, ನೋಡೋರ್ಗೆ ಕಾಣ್ತೈತೆ” ಎಂದಳು.

“ಎಲ್ಲಾ ಜ್ಞಾನ ಇರುತ್ತೆ. ಅದೇ ತಾನೇ ಕಷ್ಟ.”

“ಅಂಗಂತ ಅಮ್ನೋರೇ ನಿನ್ ಬಾಯಲ್ಲಿ ಆಡುಸ್ತವ್ಳೆ” ಎಂದು ಕೈಮುಗಿದು ಎದ್ದು ಹೋದಳು. ಈ ತರ್ಕವನ್ನು ಗೆಲ್ಲುವ ಪಂಡಿತರು ತಮ್ಮ ಇಲಾಖೆಯಲ್ಲಿದ್ದರೆ ಕಳಿಸಿಕೊಡಿ.

ಹನುಮಕ್ಕ ಕೆಟ್ಟವಳಲ್ಲ. ಅವಳ ಮೇಲೆ ನನಗೆ ಸಿಟ್ಟೂ ಇಲ್ಲ. ನನಗೆ ನುಂಗಲಾಗದ್ದು ಬೇರೆ. ತಲೆಬೇನೆ ಎಂದು ನಾನು ನೀರು ಕೇಳುತ್ತಿದ್ದಾಗ ಒಂದು ಚೆಂಬು ನೀರಿಗೆ ಎರಡು ಸಲ ಕೂಗಬೇಕಾಗಿತ್ತು. ಅಮ್ಮ ಎಂದಾದ ಮೇಲೆ ಕೊಡಗಟ್ಟಲೆ ನೀರು ತಾನೇ ಬಂತು. ಹಾದಿಯ ಕಲ್ಲುಮುಳ್ಳು ಗುಡಿಸಿದರು. ಮಕ್ಕಳು ಗಲಾಟೆ ಮಾಡದಂತೆ ನೋಡಿಕೊಂಡರು. ನನ್ನ ನೋವಿಗೆ ಬೇಕಾಗಿದ್ದದ್ದು ಅಷ್ಟೇ: ನೀರು, ಹಾದಿ, ಸದ್ದಿಲ್ಲದಿರುವುದು. ಅದನ್ನು ಮನುಷ್ಯಳಾದ ಇಂದ್ರಮ್ಮನಿಗೆ ಯಾರೂ ಕೊಡಲಿಲ್ಲ. ನೋವು ನನ್ನದು, ಮರ್ಯಾದೆ ಇನ್ನೊಬ್ಬಳಿಗೆ. ಇದನ್ನು ನೆನೆದಾಗಲೆಲ್ಲ ಬೇನೆ ಇಲ್ಲದ ಹೊತ್ತಿನಲ್ಲೂ ಎದ್ದು ಓಡಾಡುವಂತಾಗುತ್ತದೆ.

ಇನ್ನೂ ಒಂದು ಮಾತಿದೆ, ಅದನ್ನು ಮುಚ್ಚಿಡುವುದಿಲ್ಲ. ಕೆಂಚಮ್ಮ ಎಂಬಾಕೆ ಮಗಳನ್ನು ಶಾಲೆ ಬಿಡಿಸುವುದರಲ್ಲಿದ್ದಳು. ಬಿಡಿಸಬೇಡ ಎಂದು ಅವಳ ಜಗಲಿಯ ಮೇಲೆ ಕೂತು ಎಷ್ಟೋ ಸಲ ಬೇಡಿಕೊಂಡಿದ್ದೆ. ಕೇಳಿರಲಿಲ್ಲ. ಒಂದು ದಿನ ಮರದ ಕೆಳಗೆ ಬಂದು ಅಪ್ಪಣೆ ಕೇಳಿದಳು. ಬೇನೆ ಇಳಿದ ಮೇಲೆ ನಾನು ಅದೇ ಹಳೆಯ ಮಾತನ್ನು ಅದೇ ದನಿಯಲ್ಲಿ ಹೇಳಿದೆ. “ಮೇಷ್ಟ್ರಮ್ಮ ಯೋಳಿದ್ರೆ ಇರ್ಲಿ ಅಂತಿದ್ದೆ, ಅಮ್ನೋರೇ ಯೋಳವ್ರಲ್ಲ” ಎಂದು ಮಗಳನ್ನು ಕರೆತಂದು ಬಿಟ್ಟಳು. ಅವಳ ಹಿಂದೆ ಇನ್ನಷ್ಟು ತಾಯಂದಿರು ಬಂದರು. ಅಮ್ಮ ಶಾಲೆಯಲ್ಲೇ ಇರುವಾಗ ಸಿಡುಬಿಗೆ ಹೆದರಿ ಮಕ್ಕಳನ್ನು ಮನೆಯಲ್ಲಿಟ್ಟುಕೊಳ್ಳುವುದು ಏಕೆ ಎಂದುಕೊಂಡರು. ಹಾಜರಿ ಹೆಚ್ಚಿದೆಯೆಂದು ತಾವೇ ಮೆಚ್ಚುಗೆ ಬರೆದು ಕಳಿಸಿದಿರಿ. ಸುಮ್ಮನಿದ್ದುಬಿಡೋಣವೇ ಎಂಬ ಆಸೆ ನನಗೆ ಆಗಲಿಲ್ಲವೆಂದಲ್ಲ. ಆದರೂ ಪ್ರತಿದಿನ ಮುಖ ತೊಳೆದುಕೊಂಡ ಮೇಲೆ ಅಲ್ಲಿದ್ದವರಿಗೆಲ್ಲ ಇದು ಕಾಯಿಲೆ, ದೇವರಲ್ಲ ಎಂದು ಹೇಳಿಯೇ ಒಳಗೆ ಹೋಗುತ್ತಿದ್ದೆ. ಊರಿನಲ್ಲಿ ಯಾರನ್ನಾದರೂ ಕೇಳಿ. ನಂಬಲಿಲ್ಲ ಎನ್ನುತ್ತಾರೆಯೇ ಹೊರತು ಹೇಳಲಿಲ್ಲ ಎನ್ನುವುದಿಲ್ಲ.

ಹೀಗಿರುವಾಗ ತಾವು ದಯಮಾಡಿಸಿದಿರಿ. ಮುಂದೆ ತಿಳಿಸದೆ, ಸರಿಯಾಗಿ ಆ ಹೊತ್ತಿಗೇ. ನಾನು ಮರಕ್ಕೆ ಹಣೆ ಒತ್ತಿಕೊಂಡು ನಿಂತಿದ್ದೆ. ಹೆಂಗಸರು ದೂರದಲ್ಲಿ ಕೈಮುಗಿದು ಕೂತಿದ್ದರು. ಕೋಟು, ಜರಿ ರುಮಾಲಿನ ಸಾಹೇಬರು ಹಿತ್ತಲಿಗೆ ಬಂದದ್ದನ್ನು ಕಂಡು, ಗದರಿಸಿ ಎಲ್ಲರನ್ನೂ ಓಡಿಸುತ್ತಾರೆ, ಸದ್ಯ ಬದುಕಿದೆ ಎಂದುಕೊಂಡೆ. ತಾವು ಗದರಿಸಲಿಲ್ಲ. ನನ್ನ ಕಣ್ಣನ್ನು, ಜೋಲುವ ರೆಪ್ಪೆಯನ್ನು, ನಾನು ಮತ್ತೆ ಸುತ್ತತೊಡಗಿದ್ದನ್ನು ನೋಡುತ್ತ ನಿಂತಿರಿ. ಆಮೇಲೆ ಜವಾನನನ್ನು ಹೊರಗೆ ಕಳಿಸಿದಿರಿ. ಬಗ್ಗಿ ಬೂಟಿನ ದಾರ ಬಿಚ್ಚಿದಿರಿ. ಬರಿಗಾಲಲ್ಲಿ ನನ್ನ ಹತ್ತಿರ ಬಂದು, ಕೈಮುಗಿದು, ಬೇರೆಯವರಿಗೆ ಕೇಳದ ದನಿಯಲ್ಲಿ ಹೇಳಿದಿರಿ:

“ತಾಯೀ, ನಮ್ಮ ಮನೆಯವಳ ಮೈಮೇಲೆ ಬರೋಳೂ ನೀನೇನಾ? ಅವಳಿಗೂ ಹೀಗೇ, ಒಂದೇ ಕಣ್ಣು. ನಿಲ್ಲೋದಿಲ್ಲ, ಕೂರೋದಿಲ್ಲ. ಗೋಡೆಗೆ ತಲೆ ಚಚ್ಚಿಕೊಳ್ತಾಳೆ. ಜನ ನೋಡ್ತಾರೆ ಅಂತ ಕೋಣೆಗೆ ಹಾಕಿ ಚಿಲಕ ಹಾಕ್ತೀವಿ. ಏನು ತಪ್ಪು ಮಾಡಿದ್ದೀವಿ ಹೇಳು. ಅವಳನ್ನ ಯಾವಾಗ ಬಿಡ್ತೀಯ?”

ಬೇನೆ ಕಣ್ಣನ್ನು ಮುಚ್ಚಿಸುತ್ತದೆ, ಕಿವಿಯನ್ನಲ್ಲ. ನನಗೆ ಒಂದೊಂದು ಮಾತೂ ಕೇಳಿಸಿತು. ಆದರೆ ಇನ್ನೂ ಸುತ್ತಬೇಕಾಗಿತ್ತು. ತಾವು ಕಾದಿರಿ. ಬೇನೆ ಇಳಿದೊಡನೆ ಮುಖ ತೊಳೆದು, ಸೆರಗು ಸರಿಮಾಡಿಕೊಂಡು ಬಂದು, “ನಮಸ್ಕಾರ ಸ್ವಾಮಿ, ನಾನು ಈ ಶಾಲೆಯ ಉಪಾಧ್ಯಾಯಿನಿಯೇ. ಇದು ಅಮ್ಮನಲ್ಲ, ತಲೆಬೇನೆ. ತಮ್ಮ ಮನೆಯವರಿಗೂ ಇದೇ ಇರಬಹುದು” ಎಂದೆ. ತಾವು ಮೊದಲು ನೋಡಿದ್ದು ಬೂಟುಗಳ ಕಡೆಗೆ.

“ಎಲ್ಲಾ ಕೇಳಿಸ್ತಾ?” ಎಂದಿರಿ.

“ಕೇಳಿಸಿತು” ಎಂದೆ.

ನನ್ನ ಅಪರಾಧ ಇಷ್ಟೇ. ಆ ಗಳಿಗೆಯಲ್ಲಿ ತಮಗೆ ಸಂತೋಷವಾಗುತ್ತದೆ ಎಂದು ನಾನು ತಿಳಿದಿದ್ದೆ ಎಂದರೆ ನಗುವಿರಾ? ಇನ್ನೊಬ್ಬಳಿದ್ದಾಳೆ ಎಂದು ನನಗೇ ಸಂತೋಷವಾಗಿತ್ತು. ಇಷ್ಟು ವರ್ಷ ಈ ಭೂಮಿಯ ಮೇಲೆ ಇದು ನನಗೊಬ್ಬಳಿಗೇ ಎಂದುಕೊಂಡಿದ್ದೆ. ಆಕೆಯನ್ನು ಒಂದು ಸಲ ನೋಡಬಹುದೇ ಎಂದು ಕೇಳಲು ಬಾಯಿ ತೆರೆಯುವುದರೊಳಗೆ ತಾವು ಬೂಟು ಹಾಕಿಕೊಂಡು ಹೊರಟಾಗಿತ್ತು.

ಆಮೇಲೆ ಡಾಕ್ಟರ ಸರ್ಟಿಫಿಕೇಟು ತರಬೇಕೆಂದು ಹುಕುಂ ಬಂತು. ಮಧ್ಯಾಹ್ನದ ಮೇಲೆ ನೋಡಬೇಕೆಂದು ಡಾಕ್ಟರನ್ನು ಬೇಡಿಕೊಂಡೆ. ಅವರಿಗೆ ಬೆಳಗ್ಗೆಯೇ ಪುರುಸೊತ್ತು. ಬೆಳಗ್ಗೆ ನನ್ನ ಕಣ್ಣು ನೋಡಿ, ನಾಲಿಗೆ ನೋಡಿ, ದೃಢಕಾಯಳೆಂದು ಬರೆದುಕೊಟ್ಟರು. ಮಳೆಗಾಲದಲ್ಲಿ ಬಂದು ಕೆರೆ ತುಂಬಿದೆ, ಬೇಸಿಗೆ ಎಂಬುದು ರೈತರ ಕಟ್ಟುಕಥೆ ಎಂದು ಬರೆದ ಹಾಗಾಯಿತು. ಕಾಯಿಲೆ ಇಲ್ಲವೆಂದ ಮೇಲೆ ಸೋಗು, ಸೋಗು ಎಂದ ಮೇಲೆ ವಂಚನೆ. ಲೆಕ್ಕ ಸರಿಯಾಗಿದೆ, ನಮ್ಮ ಹುಡುಗಿಯರು ಕೂಡ ಇಷ್ಟು ಚೆನ್ನಾಗಿ ಬಿಡಿಸಲಾರರು.

ಶಂಕರಲಿಂಗಪ್ಪನವರು ತಮ್ಮ ಸಂದೇಶ ತಂದಾಗ ನಮ್ಮ ಜಗಲಿಯ ಮೇಲೆ ಕೂತು, ಎಲೆಯಡಿಕೆ ಹಾಕಿಕೊಂಡು, ಬಹಳ ಪ್ರೀತಿಯಿಂದ ಹೇಳಿದರು. “ತಂಗೀ, ಅಮ್ಮ ಬಂದಿದ್ಲು ಅಂತ ಬರೆದ್ರೆ ನಿನ್ನ ಗಂಟೇನು ಹೋಗುತ್ತೆ? ಸಾಹೇಬ್ರ ಮಾನ ಉಳೀತದೆ, ದೇವ್ರಿಗೆ ಕೈ ಮುಗಿದ್ರು ಅಂತಾಗುತ್ತೆ. ನಿನ್ನ ಅನ್ನ ಉಳೀತದೆ. ಇಸ್ಕೂಲೂ ಉಳೀತದೆ. ಒಂದು ಸಹಿ ಹಾಕ್ಬುಡು.”

ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ನಮ್ಮ ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಬೇರೆ ಉಪಾಧ್ಯಾಯಿನಿ ಈ ಹಳ್ಳಿಗೆ ಬರುವುದಿಲ್ಲ, ಶಾಲೆಗೆ ಬೀಗ ಬೀಳುತ್ತದೆ. ಲೇಖನಿ ಕೈಗೆತ್ತಿಕೊಂಡೆ ಕೂಡ. ಆದರೆ ಸಹಿ ಹಾಕಿದರೆ ಆ ಕಾಗದ ತಮ್ಮ ಮನೆಗೆ ಹೋಗುತ್ತದೆ. ಅಮ್ಮನೇ ಎಂದು ಓದಿದ ಉಪಾಧ್ಯಾಯಿನಿಯೇ ಬರೆದುಕೊಟ್ಟಿದ್ದಾಳೆ ಎಂದಾಗುತ್ತದೆ. ಆಮೇಲೆ ಚಿಲಕ ಹಾಕಿದ ಕೋಣೆಗೆ ಬೇವಿನ ಬರಲು ಹೋಗುತ್ತದೆ, ಕಾಯಿಸಿದ ಕಬ್ಬಿಣ ಹೋಗುತ್ತದೆ. ಅವೆರಡರ ರುಚಿ ನನಗೆ ಗೊತ್ತು, ತಮಗೆ ಗೊತ್ತಿಲ್ಲ. ನಾನು ಮುಖವನ್ನೇ ಕಾಣದ ಹೆಂಗಸಿನ ಕಣ್ಣಿನ ಪಕ್ಕಕ್ಕೆ ನನ್ನ ಕೈಯಿಂದ ಬರೆ ಹಾಕಿ, ಅದರ ಮೇಲೆ ನನ್ನ ಅನ್ನ ಬೇಯಿಸಿಕೊಳ್ಳಲೇ? ಶಂಕರಲಿಂಗಪ್ಪನವರಿಗೆ ಕಾಫಿ ಕೊಟ್ಟು ಕಳಿಸಿದೆ.

ಮನೆಯ ಮಾತನ್ನು ಬೀದಿಗೆ ತಂದಳೆಂದು ತಾವು ಕೆರಳುತ್ತೀರಿ. ಮನೆಯವರಿಗೆ ಚಳಿಜ್ವರ ಎಂದು ನಾನು ಬರೆದಿದ್ದರೆ ಕೆರಳುತ್ತಿದ್ದಿರಾ? ಯಾರ ಮಾನವಾದರೂ ಜ್ವರದಿಂದ ಹೋಗಿದೆಯೇ? ಇದೂ ಜ್ವರದ ಹಾಗೆಯೇ ಒಂದು ಕಾಯಿಲೆ. ನಾಚಿಕೆ ಇರುವುದು ಕಾಯಿಲೆಯಲ್ಲಲ್ಲ, ಚಿಲಕದಲ್ಲಿ. ಅದನ್ನು ತೆಗೆದ ದಿನ ಬೀದಿಯವರು ಆಡುವುದಕ್ಕೆ ಏನೂ ಉಳಿಯುವುದಿಲ್ಲ.

ಈಗ ನನ್ನ ಬೇಡಿಕೆ. ವಂಚನೆ ಎಂಬ ಮಾತನ್ನು ಹೊಡೆದುಹಾಕಿ ನನ್ನ ಕೆಲಸವನ್ನು ನನಗೆ ಹಿಂದಕ್ಕೆ ಕೊಡಿ. ಕನಿಕರಕ್ಕೆ ಬೇಡ, ದೇವಿಯ ಭಯಕ್ಕೂ ಬೇಡ. ನಾನು ಪಾಠ ಹೇಳುತ್ತೇನೆ, ಅದಕ್ಕೆ ಕೊಡಿ. ಬೇನೆಯ ವಾರಗಳಲ್ಲಿ ಆ ಹೊತ್ತಿಗೆ ಹೊರಗೆ ಹೋಗಲು ಅಪ್ಪಣೆ ಕೊಡಿ. ನನ್ನ ಮಾತು ನಂಬಿಕೆಯಾಗದಿದ್ದರೆ ಮಳೆ ಬೀಳುವ ಮೊದಲು, ಊಟದ ಗಂಟೆ ಹೊಡೆದ ಮೇಲೆ, ಡಾಕ್ಟರನ್ನು ಕರೆದುಕೊಂಡು ಬನ್ನಿ. ಇದಿಷ್ಟಕ್ಕೂ ಆಗುವುದಿಲ್ಲ ಎನ್ನುವಿರಾದರೆ ಆಗುವುದಿಲ್ಲ ಎಂದೇ ಬರೆಯಿರಿ, ಸಹಿ ಮಾತ್ರ ಕೇಳಬೇಡಿ.

ತಾವು ಕೈಮುಗಿದು ಕೇಳಿದ ಪ್ರಶ್ನೆಗೆ ಅಮ್ಮ ಉತ್ತರ ಕೊಡಲಿಲ್ಲ. ನನಗೆ ಗೊತ್ತಿರುವಷ್ಟು ನಾನು ಹೇಳುತ್ತೇನೆ. ತಾವೇನೂ ತಪ್ಪು ಮಾಡಿಲ್ಲ, ಆಕೆಯೂ ಮಾಡಿಲ್ಲ. ಅದು ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಬಂದಾಗ ಮಲಗು ಎನ್ನಬೇಡಿ, ಹಿಡಿದುಕೊಳ್ಳಬೇಡಿ, ಮಾತನಾಡಿಸಬೇಡಿ. ಸಾಯುತ್ತೇನೆ ಎಂದರೆ ಹೆದರಬೇಡಿ, ನಾನೂ ದಿನಾ ಹಾಗೆಯೇ ಅನ್ನುತ್ತೇನೆ. ಆದರೆ ಹತ್ತಿರದಲ್ಲೇ ಇರಿ. ಚಿಲಕ ತೆಗೆಯಿರಿ, ಆಕೆ ನಡೆಯಬೇಕು. ತಮ್ಮ ಮನೆಯಲ್ಲಿ ನಡೆಯುವಷ್ಟು ಜಾಗವಿಲ್ಲದಿದ್ದರೆ ನಮ್ಮ ಹಿತ್ತಲಿಗೆ ಕರೆದುಕೊಂಡು ಬನ್ನಿ. ಆಕೆಯೂ ನಾನೂ ಸುತ್ತುತ್ತೇವೆ, ತಾವು ಒಂದು ಚೆಂಬು ನೀರು ಹಿಡಿದುಕೊಂಡು ಅಲ್ಲಿಯೇ ನಿಂತಿರಿ. ಬೂಟು ಕಳಚಬೇಕಾಗಿಲ್ಲ.

ಇಂತಿ,
ದೇವರಾಗಿದ್ದರೆ ಕೆಲಸ ಉಳಿಸಿಕೊಳ್ಳುತ್ತಿದ್ದ, ಬರೀ ಹೆಂಗಸಾದ್ದರಿಂದ ಕಳೆದುಕೊಂಡ
ಇಂದ್ರಮ್ಮ
ಮಧುಗಿರಿ ತಾಲ್ಲೂಕು